ಚಂದ್ರನಿಗೆ ಅಡ್ಡ ನಿಂತವರು

ನಮ್ಮ ನೌಕೆ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದ ಸಂಜೆಯನ್ನು ಯಾರಾದರೂ ಹೆಮ್ಮೆಯಿಂದ ನೆನೆದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಒಂದು ಬಿಳಿ ಅಂಗಿಯ ಹೊಟ್ಟೆ. ಪರದೆಯ ಮೇಲೆ ಬೀಳಬೇಕಿದ್ದ ಚಂದ್ರ ಆ ಹೊಟ್ಟೆಯ ಮೇಲೆ ಬಿದ್ದಿದ್ದ. ಹೇಸಿಗೆ ಇನ್ನೂ ಹೋಗಿಲ್ಲ.

ಆಗ ನಾನು ಶಿರಸಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನೌಕೆ ಹೊರಟಂದಿನಿಂದ ಒಂಬತ್ತನೇ ತರಗತಿಯ ಹುಡುಗಿಯರಿಗೆ ಅದರದೇ ಮಾತು. ಕೊನೆಯ ಇಳಿತದಲ್ಲಿ ಭೂಮಿಯಿಂದ ಯಾರೂ ಅದನ್ನು ನಡೆಸುವುದಿಲ್ಲ, ಯಂತ್ರವೇ ನೆಲ ನೋಡಿಕೊಂಡು, ಹೊಂಡ ಬಂಡೆ ತಪ್ಪಿಸಿ, ವೇಗ ಇಳಿಸಿಕೊಳ್ಳಬೇಕು ಎಂದು ವಿವರಿಸಿದ್ದೆ. ಯಲ್ಲಾಪುರದಿಂದ ಬಂದು ಇಲ್ಲಿ ಅಜ್ಜಿಯ ಮನೆಯಲ್ಲಿದ್ದ ಒಬ್ಬಳು, ಲಾರಿ ಓಡಿಸುವವರ ಮಗಳು, ಯೋಚಿಸಿ ಹೇಳಿದಳು: "ಅಂದ್ರೆ ಲೋಡ್ ಲಾರಿ ಡ್ರೈವರ್ ಇಲ್ದೆ ಅರಬೈಲ್ ಘಾಟಿ ಇಳಿದ ಹಾಗೆ ಅಲ್ವಾ ಟೀಚರ್?" ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಎಲ್ಲರೂ ಒಟ್ಟಿಗೆ ನೋಡಲೆಂದು ಹೆಡ್‌ಮಾಸ್ತರರು ಪೇಟೆಯ ಒಂದು ಸಭಾಭವನ ಗೊತ್ತುಮಾಡಿದರು. ಅದರ ಬಾಡಿಗೆಯ ಹಣ ಕೊಟ್ಟವರು ಊರಿನ ಒಬ್ಬ ಮುಖಂಡರು. ನಾವು ಹೋಗಿ ನೋಡಿದರೆ ವೇದಿಕೆಯ ತುಂಬ ಅವರದೇ ಬ್ಯಾನರು, ಕೈಮುಗಿದು ನಗುವ ಮುಖ, ಮೂಲೆಯಲ್ಲಿ ಪುಟ್ಟದೊಂದು ರಾಕೆಟ್ಟಿನ ಚಿತ್ರ. ಇಸಳೂರಿನ ಕಡೆಯ ಮಕ್ಕಳು ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ಮನೆಯಲ್ಲಿ ಹೇಳಿ ಬಂದಿದ್ದರು.

ನೌಕೆ ಇಳಿಯತೊಡಗಿದ ಹೊತ್ತಿಗೆ ಸರಿಯಾಗಿ ಮುಖಂಡರು ಬಂದರು. ಬಾಗಿಲ ಪಕ್ಕದ ಗೋಡೆಗೆ ಗುಟ್ಕಾ ಉಗಿದು, ಬಾಯಿ ಒರೆಸಿದ ಕೈಯಲ್ಲೇ ಮುಂದಿನ ಸಾಲಿನ ಹುಡುಗಿಯ ಗಲ್ಲ ಹಿಡಿದು ನಕ್ಕರು. ಅವಳು ಯೂನಿಫಾರ್ಮಿನ ವೇಲಿನಿಂದ ಗಲ್ಲ ತಿಕ್ಕಿಕೊಂಡದ್ದನ್ನು ನಾನು ನೋಡಿದೆ. ಹೆಡ್‌ಮಾಸ್ತರರು ಪರದೆಯ ಸದ್ದು ಪೂರ್ತಿ ನಿಲ್ಲಿಸಿದರು. ಹಾರ, ಶಾಲು, ಫೋಟೊ ಆದವು. ಆಮೇಲೆ ಆ ಮನುಷ್ಯ ಪರದೆಗೇ ಅಡ್ಡ ನಿಂತು ಮೈಕು ಹಿಡಿದರು. ನಮ್ಮ ಹಿರಿಯರಿಗೆ ಇದೆಲ್ಲ ಯಂತ್ರವಿಲ್ಲದೆಯೇ ಗೊತ್ತಿತ್ತು ಎಂದರು. ತಾವು ಮಾಡಿಸಿದ ರಸ್ತೆಗಳ ಮಾತಿಗೆ ಬಂದರು. ಆ ರಸ್ತೆಗಳ ಹೊಂಡ ಹಾರಿಸುತ್ತಲೇ ನಾನು ದಿನವೂ ಸ್ಕೂಟರಿನಲ್ಲಿ ಶಾಲೆಗೆ ಬರುತ್ತಿದ್ದೆ. ಎತ್ತರ ತೋರಿಸುವ ಅಂಕಿಗಳು ಅವರ ಶಾಲಿನ ಮೇಲೆ ಕುಸಿಯುತ್ತಿದ್ದವು. ಮಕ್ಕಳು ಕತ್ತು ಉದ್ದ ಮಾಡಿ ಆಚೀಚೆ ಬಾಗುತ್ತಿದ್ದರು.

ಲಾರಿಯವರ ಮಗಳು ಎದ್ದು ನಿಂತಳು. "ಸರ್, ಸ್ವಲ್ಪ ಬದಿಗೆ ನಿಲ್ತೀರಾ? ನಮಗೆ ಕಾಣ್ತಾ ಇಲ್ಲ."

ಹೆಡ್‌ಮಾಸ್ತರರು ಅವಳಿಗೆ ಕುಳಿತುಕೊಳ್ಳಲು ಸನ್ನೆ ಮಾಡಿದರು. ಮುಖಂಡರು ಸರಿಯಲಿಲ್ಲ, ಇಂದಿನ ಮಕ್ಕಳಿಗೆ ಸಂಸ್ಕಾರ ಕಡಿಮೆ ಎಂದು ಭಾಷಣ ಬೆಳೆಸಿದರು. ನಾನು ಎದ್ದು ಹೋಗಿ ಸದ್ದನ್ನು ಪೂರ್ತಿ ಏರಿಸಿದೆ. ನಿಯಂತ್ರಣ ಕೊಠಡಿಯ ದನಿ ಭವನವನ್ನೆಲ್ಲ ತುಂಬಿತು. ಮೈಕಿನ ಮಾತು ಅದರಲ್ಲಿ ಮುಳುಗಿತು. ಮುಖಂಡರು ಬೆಚ್ಚಿ ಪಕ್ಕಕ್ಕೆ ಸರಿದರು, ಕೊನೆಯ ಕೆಲವು ಕ್ಷಣಗಳಾದರೂ ಮಕ್ಕಳ ಪಾಲಿಗೆ ಬಂದವು. ನೌಕೆ ಇಳಿಯಿತು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗಿದರು, ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಮುಖಂಡರು ಎರಡೂ ಕೈ ಎತ್ತಿ ನಮಸ್ಕರಿಸಿದರು.

ಮರುದಿನ ಹೆಡ್‌ಮಾಸ್ತರರು ಕರೆಸಿದರು. "ಎಂತ ಮಾಡಿಬಿಟ್ರಿ ಮೇಡಂ? ಅವರ ಮನೆಗೆ ಹೋಗಿ ಒಂದು ಮಾತು ತಪ್ಪಾಯ್ತು ಅಂದು ಬನ್ನಿ. ಆ ಹುಡುಗೀನೂ ಕರ್ಕೊಂಡು ಹೋಗಿ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಒಂದು ಮಾತಿನಲ್ಲಿ ಮುಗಿಯುವುದಾದರೆ ಮುಗಿಸಿಬಿಡು ಎಂದು ಅವರೂ ಅಂದರು. "ಆನು ಹೋಗ್ತ್ನಿಲ್ಲೆ," ಅಂದೆ ನಮ್ಮ ಮನೆಮಾತಿನಲ್ಲಿ. "ಆ ಕೂಸನ್ನಂತೂ ಕಳಿಸ್ತ್ನಿಲ್ಲೆ."

ಹೋಗಲಿಲ್ಲ. ವಿಜ್ಞಾನ ಸಂಘವನ್ನು ನನ್ನಿಂದ ತೆಗೆದು ಸಮಾಜ ಪಾಠದವರಿಗೆ ಕೊಟ್ಟರು. ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಮೊಬೈಲಿಗೆ ಮುಖ ಹಾಕುತ್ತಿದ್ದರು. ತಮ್ಮ ಹೊಟ್ಟೆ ತುಂಬಿದರೆ ಸಾಕೆನ್ನುವವರ ಆ ಮೌನ ಗೋಡೆಯ ಮೇಲಿನ ಗುಟ್ಕಾ ಕಲೆಗಿಂತ ಅಸಹ್ಯವಾಗಿತ್ತು.

ಆದರೆ ಹುಡುಗಿಯರು ಊಟದ ಬಿಡುವಿನಲ್ಲಿ ಲ್ಯಾಬಿಗೆ ಬರುವುದನ್ನು ಬಿಡಲಿಲ್ಲ. ನೌಕೆಯಿಂದ ಇಳಿದ ಪುಟ್ಟ ಗಾಡಿ ರೋವರ್ ಎಲ್ಲಿಗೆ ಹೋಯಿತು, ಗುಂಡಿ ಕಂಡು ಹೇಗೆ ದಾರಿ ಬದಲಿಸಿತು ಎಂದು ಕೇಳುತ್ತಿದ್ದರು. ಅಲ್ಲಿಯ ಮಣ್ಣಿನಲ್ಲಿ ಗಂಧಕವಿದೆ ಎಂದು ಸುದ್ದಿ ಬಂದ ದಿನ ಕಿಟಕಿ ತೆರೆದು, ಚಮಚದ ತುದಿಯಷ್ಟು ಗಂಧಕ ಸುಟ್ಟು ತೋರಿಸಿದೆ. ನೀಲಿ ಜ್ವಾಲೆ ಎದ್ದಿತು. ಎಲ್ಲರೂ ಮೂಗು ಮುಚ್ಚಿಕೊಂಡು ಇನ್ನೂ ಹತ್ತಿರಕ್ಕೆ ಬಂದರು.