ಅತ್ತೆಯ ಕಣ್ಣಿಗೆ ಬಿಡದ ಹಾಲು

ಬಾಣಂತಿಯ ಎದೆಹಾಲು ಕಣ್ಣಿಗೆ ತಂಪು ಎನ್ನುವುದು ನಮ್ಮ ಮೂಡಲಪಾಳ್ಯದಲ್ಲಿ ಯಾರೂ ಪ್ರಶ್ನಿಸದ ಮಾತು. ಯಾರದಾದರೂ ಕಣ್ಣು ಕೆಂಪಾದರೆ ಸಾಕು, ಬಟ್ಟಲು ಹಿಡಿದು ಬಾಣಂತಿಯಿದ್ದ ಮನೆಗೆ ಬರುತ್ತಿದ್ದರು. ಐವತ್ತರ ದಶಕದಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ನನ್ನ ಮಡಿಲಲ್ಲಿ ಮೂರು ತಿಂಗಳ ಮಗುವಿತ್ತು.

ಅತ್ತೆಯ ಎಡಗಣ್ಣು ಎಂದೋ ಹೋಗಿತ್ತು. ನಾನು ಮದುವೆಯಾಗಿ ಬರುವ ಹೊತ್ತಿಗೆ ಬಲಗಣ್ಣಿಗೂ ಪೊರೆ ಕವಿದು, ಎದುರಿಗೆ ನಿಂತವರು ಬರೀ ನೆರಳಾಗಿ ಕಾಣುತ್ತಿದ್ದರು. ಉಳಿದಿದ್ದು ಅದೊಂದೇ ಕಣ್ಣು. ಆಸ್ಪತ್ರೆಯಿಂದ ಹೊರಡುವಾಗ ಕಾಂಪೌಂಡರು ನನ್ನನ್ನು ನಿಲ್ಲಿಸಿಕೊಂಡು, ಔಷಧಿಯ ಸೀಸೆಯನ್ನೂ ತೊಟ್ಟು ಬಿಡುವ ಗಾಜಿನ ಕೊಳವೆಯನ್ನೂ ಕೊಟ್ಟು ಹೇಳಿದರು:

"ಮೊದ್ಲು ಸೋಪಲ್ಲಿ ಕೈ ತೊಳ್ಕೊಳ್ಳಿ. ಅವರಿಗೆ ಮೇಲೆ ನೋಡೋಕೆ ಹೇಳಿ, ಕೆಳರೆಪ್ಪೆ ಮೆಲ್ಲಗೆ ಎಳೆದು ಒಂದೇ ತೊಟ್ಟು ಬಿಡಿ. ಕೊಳವೆ ತುದಿ ಕಣ್ಣಿಗೂ ರೆಪ್ಪೆಗೂ ತಾಕ್ಬಾರ್ದು. ಕಣ್ಣು ಒತ್ಬೇಡಿ. ಈ ಔಷಧಿ ಬಿಟ್ರೆ ಬೇರೇನೂ ಬೇಡ. ಕೀವಾದ್ರೆ ಈ ಕಣ್ಣೂ ಹೋಗುತ್ತೆ."

ಆ ಕೊನೆಯ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದೆ.

ನಾನು ಮೊದಲೇ ಬಾಯಿ ಜೋರಿನವಳು. ಇಂಕ್ ಫಿಲ್ಲರಿನಂಥ ಆ ಗಾಜಿನ ಕೊಳವೆಯನ್ನು ದಿನವೂ ಕುದಿಸಿ ಆರಿಸಿ, ಅತ್ತೆಯನ್ನು ಚಾಪೆಯ ಮೇಲೆ ಮಲಗಿಸಿ, "ಅಲ್ಲಾಡ್ಬೇಡಿ! ಉಜ್ಬೇಡಿ!" ಎಂದು ಗದರುತ್ತಲೇ ಔಷಧಿ ಬಿಡುತ್ತಿದ್ದೆ. ಬಿದ್ದ ಕೂಡಲೇ ಅದು ಚುರುಗುಟ್ಟುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಮೆಲ್ಲಗೆ ಕೇಳಿದರು.

"ಎರಡು ತೊಟ್ಟು ಹಾಲು ಬಿಡಮ್ಮ, ತಂಪಾಯ್ತದೆ."

"ಆಗಲ್ಲ ಅತ್ತೆ."

ಪಕ್ಕದ ಮನೆಯಾಕೆ ಅತ್ತೆಗಾಗಿ ಆಗಲೇ ಬಟ್ಟಲು ಹಿಡಿದು ನಿಂತಿದ್ದಳು. "ಊರೋರಿಗೆಲ್ಲ ಕೊಟ್ಟೆ, ಅತ್ತೆಗಿಲ್ವಾ? ಎಂಥಾ ಕಲ್ಲೆದೆನೇ ನಿಂದು!"

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಆ ದಿನ ಅವರು ಉಣ್ಣಲಿಲ್ಲ. ನಾನೂ ಮುದ್ದೆಯನ್ನು ಹಾಗೇ ಮುಚ್ಚಿಟ್ಟೆ. ಹಾಳಾಗಲಿ, ಕೊಟ್ಟುಬಿಡೋಣ ಎಂದು ಬಟ್ಟಲು ಕೈಗೆತ್ತಿಕೊಂಡೆ. ಕೀವಿನ ಮಾತು ನೆನಪಾಯಿತು. ಬಟ್ಟಲು ತೊಳೆದು ಕವುಚಿ ಹಾಕಿದೆ. ಕೊಟ್ಟು ಒಳ್ಳೆಯವಳು ಅನ್ನಿಸಿಕೊಳ್ಳುವುದು ಎಷ್ಟು ಸುಲಭವಿತ್ತು! ನನಗೆ ತುಂಬಾ ದುಃಖವಾಗಿತ್ತು.

ಅಂದಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಔಷಧಿಯ ಹೊತ್ತಿಗೆ ಮಾತ್ರ ತಾವಾಗಿಯೇ ಮಲಗಿ ಮೇಲೆ ನೋಡುತ್ತಿದ್ದರು. ನಾನು ಗದರುವುದನ್ನು ಬಿಡಲಿಲ್ಲ, ಅವರು ಕಣ್ಣುಜ್ಜಲಿಲ್ಲ.

ಕೆಲವು ವಾರಗಳ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಜಗಲಿಯ ಬಿಸಿಲಿಗೆ ಕೂತರು. ಮಗುವನ್ನು ಅವರ ಮಡಿಲಿಗೆ ಕೊಟ್ಟೆ. ಅದರ ಮೂಗು, ಬೆರಳು, ಕಿವಿ ಒಂದೊಂದನ್ನೇ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು, ಬಹಳ ಹೊತ್ತು.

"ಅಯ್ಯೋ, ನಿನ್ ಗದರಿಕೆ ಕೇಳೀ ಕೇಳೀ ನಿನ್ ವಯಸ್ಸೇ ಮರ್ತೋಗಿತ್ತು," ಎಂದರು. "ನೀನಿನ್ನೂ ಹುಡ್ಗಿ ಕಣಮ್ಮ."

ಅಷ್ಟು ದಿನ ತಡೆದಿದ್ದ ಅಳು ಒಮ್ಮೆಗೇ ಬಂದುಬಿಟ್ಟಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳಹೋದೆ.

"ಉಜ್ಬೇಡ!" ಎಂದು ಅತ್ತೆ ಗದರಿದರು.