ಯಮನಪ್ಪನವರ ಮುಕ್ಕಾಲು ಗಂಟೆ

ನಮ್ಮ ಯಜಮಾನರು ನಲವತ್ತೇಳನೇ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಸೇರಿದರು. ಮಗಳು ಐಶ್ವರ್ಯಾ ಡಿಗ್ರಿ ಮೊದಲ ವರ್ಷ, ಅಪ್ಪ ಸ್ನಾತಕೋತ್ತರ ಮೊದಲ ವರ್ಷ. ಇಬ್ಬರಿಗೂ ಡಬ್ಬಿ ಕಟ್ಟುವವಳು ನಾನು, ಶಶಿಕಲಾ. ಗಣಿ ಮತ್ತು ಇಂಧನ ಹಣಕಾಸು ಎಂಬುದು ಆ ಓದಿನ ಹೆಸರು. ಅದೇನು ಎಂದು ಅಪಾರ್ಟ್‌ಮೆಂಟಿನವರು ಲಿಫ್ಟಿನಲ್ಲಿ ಕೇಳಿದಾಗಲೆಲ್ಲ ನಾನೇ ವಿವರಿಸಬೇಕಿತ್ತು, ಏಕೆಂದರೆ ನಮ್ಮವರು ಲಿಫ್ಟಿನಲ್ಲಿ ಬಾಯಿ ಬಿಡುವವರಲ್ಲ. ನೆಲ ಅಗೆಯುವ ಮೊದಲು ಅದರಿಂದ ಲಾಭವೋ ಲುಕ್ಸಾನೋ ಎಂದು ಬ್ಯಾಂಕಿನವರಿಗೆ ಲೆಕ್ಕ ಹಾಕಿ ಹೇಳುವ ವಿದ್ಯೆ ಕಣ್ರೀ, ಎನ್ನುತ್ತಿದ್ದೆ. ಕೇಳಿದವರು ತಲೆಯಾಡಿಸಿ ತಮ್ಮ ಮಹಡಿಯಲ್ಲಿ ಇಳಿದುಕೊಳ್ಳುತ್ತಿದ್ದರು.

ಯಜಮಾನರ ಹೆಸರು ಯಮನಪ್ಪ. ನಮ್ಮ ಕಡೆಯ ಒಂದು ಸಣ್ಣ ಚಿನ್ನದ ಗಣಿಯಲ್ಲಿ ಹದಿನೈದು ವರ್ಷ ನೆಲದೊಳಗೆ ಕೆಲಸ ಮಾಡಿದವರು. ಮೇಸ್ತ್ರಿಯಾಗಿ ಒಂದು ಪಾಳಿಯ ಜನರನ್ನೆಲ್ಲ ನೋಡಿಕೊಳ್ಳುತ್ತಿದ್ದರು, ಅಲ್ಲಿದ್ದಾಗಲೇ ಅಂಚೆಯ ಮೂಲಕ ಬಿ.ಕಾಂ. ಮುಗಿಸಿದ್ದರು. ಗಣಿ ಮುಚ್ಚಿತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಗಣಿಯನ್ನು ಕಣ್ಣಾರೆ ಕಂಡ ಒಬ್ಬ ಮನುಷ್ಯ ಬೇಕಾಗಿದ್ದ. ಪರದೇಶದ ಗಣಿಗಳಿಗೆ ಸಾಲ ಕೊಡಬಹುದೇ ಬೇಡವೇ ಎಂದು ವರದಿ ಬರೆದುಕೊಡುವ ಕಂಪನಿ ಅದು. ಹಾಗೆ ನಾವು ಸಿಂಗಸಂದ್ರಕ್ಕೆ ಬಂದೆವು.

ಒಂಬತ್ತು ವರ್ಷ ಆ ವರದಿಗಳಲ್ಲಿ ಅರ್ಧ ಇವರೇ ಬರೆದರು, ಸಹಿ ಮಾತ್ರ ಬೇರೆಯವರದು. ಮೀಸೆ ಮೂಡದ ಹುಡುಗರು ಇವರನ್ನು ಕೇಳಿಕೊಂಡು ಬರೆದು, ಕೊನೆಯ ಪುಟದಲ್ಲಿ ತಮ್ಮ ಹೆಸರು ಹಾಕುತ್ತಿದ್ದರು. ಒಂದು ದಿನ ಮೇಲಿನವರು ಕರೆದು, ಇನ್ನೆರಡು ವರ್ಷದಲ್ಲಿ ಸ್ನಾತಕೋತ್ತರ ಪದವಿ ತಂದರೆ ನೀವೂ ಸಹಿ ಮಾಡಬಹುದು, ತರದಿದ್ದರೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಮಾತ್ರ ಮನೆಗೆ ಬಂದು, ಕಾಲು ತೊಳೆದು, "ಶಶಿ, ನಾ ಸಾಲಿಗೆ ಹೋಗ್ಬೇಕಂತ" ಎಂದು ನಕ್ಕರು.

ಇನ್ನು ಅವರ ಒಂದು ಗುಣ ಹೇಳಬೇಕು, ಅದನ್ನು ಹೇಳದೆ ಈ ಮನುಷ್ಯ ಅರ್ಥವಾಗುವುದಿಲ್ಲ. ಅವರು ಕಾಯುತ್ತಾರೆ. ಗಣಿಯಲ್ಲಿ ಬಂಡೆಗೆ ಮದ್ದು ಇಟ್ಟು ಸಿಡಿಸಿದ ಮೇಲೆ, ಹೊಗೆ ಹೋಗುವ ತನಕ ಮುಕ್ಕಾಲು ಗಂಟೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅಲ್ಲಿಯ ಆ ಕಟ್ಟಳೆಯನ್ನು ಇವರು ಸಂಸಾರಕ್ಕೆ ತಂದರು. ನಾನು ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ಘಾಟು ಎದ್ದರೆ, ಮಗಳನ್ನು ಎಳೆದುಕೊಂಡು ಹೋಗಿ ಬಾಲ್ಕನಿಯಲ್ಲಿ ನಿಲ್ಲುವರು. ಸೊಳ್ಳೆಗೆ ಹೊಗೆ ಬಿಡುವವರು ಬಂದ ಸಂಜೆ ಕೆಳಗಿನ ಗೇಟಿನಲ್ಲಿ ಕೈ ಅಡ್ಡ ಹಿಡಿದು, ಆಫೀಸಿನಿಂದ ಬಂದವರನ್ನೆಲ್ಲ ತಡೆದು ನಿಲ್ಲಿಸಿದ್ದರು. ಈ ಕಟ್ಟಡಕ್ಕೆ ಜಾಗ ಕೊಟ್ಟ ಅಶ್ವತ್ಥಮ್ಮನವರು ನೆಲಮಹಡಿಯಲ್ಲೇ ಇರುವವರು. "ಇದೇನ್ ಸಾ ಇಂಗ್ ಎದ್ರುಸ್ತೀರಾ? ಸೊಳ್ಳೆಗ್ ಒಗೆ ಆಕುದ್ರೆ ಮನುಸ್ರು ಯಾಕ್ ಬೀದೀಲ್ ನಿಂತ್ಕಬೇಕು?" ಎಂದು ಕೂಗಾಡಿದರು. ಇವರು ಗಡಿಯಾರ ನೋಡಿಕೊಂಡು, "ಇನ್ನ ಇಪ್ಪತ್ತು ನಿಮಿಷ ಐತ್ರಿ ಅಮ್ಮಾ" ಎಂದರು. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನಿಸಿತು.

ಶನಿವಾರ, ಭಾನುವಾರ ಕ್ಲಾಸು, ಮಾರತ್ತಹಳ್ಳಿಯಲ್ಲಿ. ಬೆಳಿಗ್ಗೆ ಆರೂವರೆಗೆ ಹೊರಟರೆ ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಬದಲಾಯಿಸಿ ಒಂಬತ್ತಕ್ಕೆ ತಲುಪುವರು. ಕ್ಲಾಸಿನಲ್ಲಿ ಎಲ್ಲರೂ ಇಪ್ಪತ್ತೈದು, ಇಪ್ಪತ್ತಾರರವರು. ಮೊದಲನೇ ದಿನ ಇವರನ್ನು ಮೇಷ್ಟ್ರು ಎಂದುಕೊಂಡು ಎದ್ದು ನಿಂತರಂತೆ. ಮನೆಯಲ್ಲಿ ಊಟದ ಮೇಜಿನ ಒಂದು ಕಡೆ ಮಗಳು, ಇನ್ನೊಂದು ಕಡೆ ಅಪ್ಪ. ಇಂದಿನ ನೂರು ರೂಪಾಯಿ ಇಪ್ಪತ್ತು ವರ್ಷದ ಮೇಲೆ ಎಷ್ಟಕ್ಕೆ ಸಮ ಎಂದು ಗೊಣಗುತ್ತ, ಕನ್ನಡಕ ಹಣೆಗೇರಿಸಿಕೊಂಡೇ ನಿದ್ದೆ ಹೋಗಿರುತ್ತಿದ್ದರು. ನಾನು ಬೈಯುತ್ತ ಬೈಯುತ್ತಲೇ ಕನ್ನಡಕ ತೆಗೆದಿಡುತ್ತಿದ್ದೆ. ಇಂಥ ಗಂಡನನ್ನು ಬೈಯದೆ ಹೇಗೆ ಇರುವುದು, ನೀವೇ ಹೇಳಿ.

ಕೊನೆಯ ವರ್ಷ ಎಲ್ಲರಿಗೂ ಒಂದೇ ಪ್ರಾಜೆಕ್ಟು. ಎಲ್ಲೋ ಇದೆ ಎಂದು ಊಹಿಸಿಕೊಂಡ ಒಂದು ಚಿನ್ನದ ಗಣಿ, ಅದಕ್ಕೆ ಹದಿನೆಂಟು ವರ್ಷದ ಆಯುಷ್ಯ. ದಿನಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಕಲ್ಲು, ಎಷ್ಟು ಚಿನ್ನ, ಸಾಲ ತೀರುತ್ತದೋ ಇಲ್ಲವೋ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸಬೇಕು. ಉಳಿದವರೆಲ್ಲರ ಗಣಿ ಲಾಭದಲ್ಲಿ ನಡೆಯಿತು, ನಮ್ಮವರದು ಮುಳುಗಿತು. ಶ್ಯಾಮಲಾ ಮೇಡಂ ಎಂಬವರು ಇವರ ಗೈಡು, ಒಳ್ಳೆಯ ಹೆಂಗಸು. ಫೋನಿನಲ್ಲಿ ಅವರು ಹೇಳಿದ್ದು ನನಗೂ ಕೇಳಿಸಿತು. "ಯಮನಪ್ಪ ಸಾರ್, ದಿನಕ್ಕೆ ಎರಡೂಕಾಲು ಗಂಟೆ ಸುಮ್ನೆ ಖಾಲಿ ಬಿಟ್ಟಿದೀರ. ಅದನ್ನ ಸ್ವಲ್ಪ ನೋಡ್ಬಿಡಿ, ಪ್ಲೀಸ್." ಇವರು, "ಅದು ಖಾಲಿ ಅಲ್ರಿ ಮೇಡಂ, ಹೊಗಿ ಹೋಗೂ ಹೊತ್ತು. ಅದನ್ನ ಮುಟ್ಟೂದಿಲ್ಲ" ಎಂದರು. ಮುಟ್ಟಲಿಲ್ಲ. ಲೆಕ್ಕ ತಪ್ಪೆಂದು ಪರಿಶೀಲನೆಯಲ್ಲಿ ಫೇಲು ಮಾಡಿದರು.

ಉಳಿದದ್ದು ಇನ್ನೊಂದೇ ಅವಕಾಶ, ಆರು ವಾರ. ಅದೂ ಹೋದರೆ ಪದವಿಯೂ ಇಲ್ಲ, ಕೆಲಸವೂ ಇಲ್ಲ. ಆ ದಿನ ನಾನು ಆಡಬಾರದ ಮಾತನ್ನೆಲ್ಲ ಆಡಿದೆ.

"ಕಾಗದದ ಮ್ಯಾಲಿನ ಗಣಿ ಅದು! ಅಲ್ಲಿ ಯಾರರ ಸಾಯ್ತಾರೇನ್ರಿ? ಎರಡು ತಾಸು ತಗದು ಒಗೀರಿ, ಪಾಸಾಗ್ರಿ!"

ಅವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದು ಹೋದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ಊಟ ಬಿಟ್ಟು ಎದ್ದದ್ದು ಅದೇ ಮೊದಲು. ಎರಡು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ಮಗಳೇ ಮಧ್ಯದಲ್ಲಿ ನಿಂತು, ಅಪ್ಪ ಉಪ್ಪು ಕೇಳ್ತಿದಾರೆ, ಅಮ್ಮ ಡಬ್ಬಿ ಕೊಡು ಅಂತಿದಾಳೆ ಎಂದು ಸುದ್ದಿ ಸಾಗಿಸಿದಳು.

ಮೂರನೇ ದಿನ ಭಾನುವಾರ, ಕ್ಲಾಸುಗಳು ಆಗಲೇ ಮುಗಿದಿದ್ದವು. ಮಧ್ಯಾಹ್ನ ನಾನು ಮೇಜಿನ ಮೇಲೆ ಅವರೆಕಾಯಿ ಸುರಿದುಕೊಂಡು ಸುಲಿಯುತ್ತ ಕುಳಿತಿದ್ದೆ. ಅವರು ಲ್ಯಾಪ್‌ಟಾಪ್ ತಂದು ಎದುರಿಗೆ ಕುಳಿತರು. ಮೌಖಿಕ ಪರೀಕ್ಷೆಯಲ್ಲಿ ಹೇಳಬೇಕಾದದ್ದನ್ನು ನನ್ನ ಮುಂದೆ ಹೇಳಿ ನೋಡುತ್ತೇನೆ ಎಂದರು. ರಾಜಿಯ ಮಾತು ಅದು, ನನಗೆ ತಿಳಿಯದೇ? "ಹೇಳ್ರಿ, ಕೇಳಾಕತ್ತೀನಿ" ಎಂದೆ.

ಗಣಿಯನ್ನು ಅವರು ವರ್ಣಿಸಿದ ಚೆಂದ ನೋಡಬೇಕಿತ್ತು! ಎಷ್ಟು ಆಳ, ಎಲ್ಲಿಂದ ಗಾಳಿ ಬರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಮೂರು ಪಾಳಿಯ ಜನ ಹೇಗೆ ಇಳಿಯುತ್ತಾರೆ, ಎಲ್ಲವನ್ನೂ ತಮ್ಮ ಮನೆಯನ್ನು ತೋರಿಸುವವರಂತೆ ತೋರಿಸಿದರು. ಈ ಹೊಸ ನಮೂನೆಯ ಗಣಿಯಲ್ಲಿ ಪಾಳಿಗೊಮ್ಮೆ ಮದ್ದು ಸಿಡಿಸುವುದಿಲ್ಲ, ದಿನಕ್ಕೆ ಒಂದೇ ಸಲ, ಎಲ್ಲರೂ ಮೇಲೆ ಬಂದ ನಂತರ ಎಂದರು. ಆಮೇಲೆ ಗಂಟೆಗಳ ಪಟ್ಟಿಗೆ ಬಂದರು. ಮೊದಲ ಪಾಳಿಗೆ ಮುಕ್ಕಾಲು ಗಂಟೆ ಕಾಯುವುದು, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಮುಕ್ಕಾಲು.

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

"ತಡೀರಿ. ದಿನಕ್ಕ ಮದ್ದು ಹಾರಸೂದು ಒಂದ ಸಲ ಅಂದ್ರಿ?"

"ಹೂಂ."

"ಮತ್ತ ಮೂರು ಸಲ ಯಾಕ ಕಾಯ್ತೀರಿ? ಉಳಿದ ಎರಡು ಪಾಳಿಗೆ ಎಲ್ಲಿ ಐತಿ ಹೊಗಿ?"

ಅವರು ಪರದೆಯನ್ನೇ ನೋಡಿದರು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಹದಿನೆಂಟು ವರ್ಷ, ವರ್ಷಕ್ಕೆ ಮುನ್ನೂರು ಚಿಲ್ಲರೆ ದಿನ, ದಿನಕ್ಕೆ ಮೂರು ಸಲ. ಹೊಗೆಯೇ ಇಲ್ಲದ ಬಾಗಿಲಲ್ಲಿ ಜನರನ್ನು ತಡೆದು ನಿಲ್ಲಿಸಿದ್ದರು, ನಮ್ಮ ಗೇಟಿನಲ್ಲಿ ಮಾಡಿದ ಹಾಗೆಯೇ. ಮೇಡಂಗೂ ಅದು ಹೊಳೆದಿರಲಿಲ್ಲ. ಅವರು ಮೂರನ್ನೂ ತೆಗೆಯಿರಿ ಎಂದಿದ್ದರು, ಇವರು ಮೂರನ್ನೂ ಬಿಡುವುದಿಲ್ಲ ಎಂದಿದ್ದರು. ಸರಿಯಾದದ್ದು ಒಂದು ಎಂದು ಅವರೆಕಾಯಿ ಸುಲಿಯುವ ನಾನು ಹೇಳಬೇಕಾಯಿತು! ಈ ಮಾತನ್ನು ನಾನು ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತೇನೆ, ಹೇಳುವವಳೇ.

"ನನ್ನ ಕೈ ತಾನ ಹಾಕಿಬಿಟ್ಟೈತಿ, ಶಶಿ" ಎಂದರು ಮೆಲ್ಲಗೆ. ಆಗ ಅವರ ಮುಖ ನೋಡಿ ನನಗೆ ನಗಲು ಆಗಲಿಲ್ಲ.

ಎರಡು ಪಾಳಿಗಳ ಮುಕ್ಕಾಲು ಗಂಟೆ ತೆಗೆದು, ಒಂದನ್ನು ಉಳಿಸಿಕೊಂಡರು. ಗಣಿ ತೇಲಿತು. ದೊಡ್ಡ ಲಾಭವೇನಲ್ಲ, ಸಾಲ ತೀರಿ ಕೈಯಲ್ಲಿ ಒಂದಿಷ್ಟು ಉಳಿಯುವಷ್ಟು.

ಮೌಖಿಕ ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ, ಶನಿವಾರ ಹನ್ನೊಂದಕ್ಕೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ವಿಭೂತಿ ಇಟ್ಟು ಕುಳಿತರು. ನಾನು ಕುಕ್ಕರ್ ಆರಿಸಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ. ಪರದೆಯ ಮೇಲೆ ಶ್ಯಾಮಲಾ ಮೇಡಂ, ಪಕ್ಕದ ಚೌಕದಲ್ಲಿ ಹೊರಗಿನ ಪರೀಕ್ಷಕರು, ವಿನಾಯಕ್ ಎಂಬ ಬ್ಯಾಂಕಿನ ಅಧಿಕಾರಿ. ಇವರು ಮೊದಲೇ ತಮ್ಮ ತಪ್ಪನ್ನು ಒಪ್ಪಿಕೊಂಡು, ಹೇಗೆ ಸರಿಪಡಿಸಿದೆ ಎಂದು ತೋರಿಸಿದರು. ಅರ್ಧ ಗಂಟೆ ಪ್ರಶ್ನೆ, ಉತ್ತರ, ಎಲ್ಲ ಇಂಗ್ಲಿಷಿನಲ್ಲಿ, ಎಲ್ಲೂ ತಡವರಿಸಲಿಲ್ಲ.

ಕೊನೆಗೆ ಆ ಅಧಿಕಾರಿ ಕೇಳಿದರು. ಎರಡನ್ನು ತೆಗೆದಿದ್ದೀರಿ, ಸರಿ. ಉಳಿದ ಒಂದು ನಲವತ್ತೈದು ನಿಮಿಷ ಯಾಕೆ? ಗಣಿಯ ಹೊಗೆ ಎಳೆಯುವ ಫ್ಯಾನು ಮಾರುವ ಕಂಪನಿಯವರು ಇಪ್ಪತ್ತು ನಿಮಿಷ ಸಾಕು ಎನ್ನುತ್ತಾರೆ, ಇಪ್ಪತ್ತು ಹಾಕಿದರೆ ಲಾಭ ಇನ್ನೂ ಏರುತ್ತದೆ. ಎಷ್ಟು ಏರುತ್ತದೆ, ಹೇಳಿ?

ಇವರು ಥಟ್ಟನೆ ಅಂಕಿ ಹೇಳಿದರು. ಅಷ್ಟು ಏರುತ್ತದೆ ಎಂದು ಗೊತ್ತಿದ್ದೂ ಯಾಕೆ ಬಿಟ್ಟಿರಿ ಎಂದು ಮರುಪ್ರಶ್ನೆ ಬಂತು. ಇವರು ಮುಂದಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ.

"ಸಾರ್," ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಆರಂಭಿಸಿದರು. ನಮ್ಮ ಗಣಿಯಲ್ಲಿ ಈರಪ್ಪ ಎಂಬವನಿದ್ದ. ನಾನು ಹೊಸದಾಗಿ ಮೇಸ್ತ್ರಿಯಾಗಿದ್ದೆ. ಆ ತಿಂಗಳು ನನ್ನ ಪಾಳಿಯಲ್ಲಿ ಕಲ್ಲು ಕಡಿಮೆ ಬಿದ್ದಿತ್ತು. ಮದ್ದು ಸಿಡಿದು ಹದಿನೆಂಟು ನಿಮಿಷವಾಗಿತ್ತು. ದೀಪ ಹಿಡಿದು ನೋಡಿದೆ, ಹೊಗೆ ಕಾಣಲಿಲ್ಲ. ಕಾಣದ ಗಾಳಿಯೂ ಕೊಲ್ಲುತ್ತದೆ ಎಂದು ಓದಿದ್ದೆ, ಆದರೂ ನೋಡಿದ್ದನ್ನೇ ನಂಬಿದೆ. ಅವನು ಇನ್ನೂ ಹೊತ್ತಾಗಲಿ ಅಂದ.

"ಐ ಸೆಂಟ್ ಹಿಮ್," ಎಂದರು.

ಆ ಮೂರು ಶಬ್ದ ತಿಳಿಯಲು ನನಗೆ ಯಾವ ಡಿಗ್ರಿಯೂ ಬೇಕಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಈರಪ್ಪ ಗಣಿಯಲ್ಲಿ ತೀರಿಹೋದ ಗೆಳೆಯ ಎಂದಷ್ಟೇ ನನಗೆ ಗೊತ್ತಿತ್ತು. ಅವನನ್ನು ಒಳಗೆ ಕಳಿಸಿದವರು ಇವರು ಎಂದು ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಮಲಗಿದ ಮನುಷ್ಯ ನನಗೆ ಹೇಳಿರಲಿಲ್ಲ.

ಪರದೆಯ ಆಚೆ ಆ ಅಧಿಕಾರಿ ಥ್ಯಾಂಕ್ಯೂ ಯಮನಪ್ಪ ಎಂದರು, ನಲವತ್ತೈದು ಹಾಗೆಯೇ ಇರಲಿ ಎಂದರು. ಶ್ಯಾಮಲಾ ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಪಾಸಾಗಿದೀರ ಸಾರ್. ಇನ್ಮೇಲೆ ನಿಮ್ಮ ವರದಿಗೆ ನೀವೇ ಸಹಿ ಮಾಡಿ" ಎಂದರು.

ಅವರು ಲ್ಯಾಪ್‌ಟಾಪ್ ಮುಚ್ಚಿದರು, ಆದರೆ ಏಳಲಿಲ್ಲ. ನಾನು ಹೋಗಿ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಸಿಟ್ಟು, ಸಂತೋಷ, ಸಂಕಟ ಎಲ್ಲ ಒಟ್ಟಿಗೇ ಉಕ್ಕಿ ಬಂದಿತ್ತು. ಮೊದಲು ಹೊರಬಿದ್ದದ್ದು ಸಿಟ್ಟೇ.

"ಯಾರೋ ಬ್ಯಾಂಕಿನಾಂವಗ ಹೇಳಿದ್ರಿ. ನನಗ ಯಾಕ ಹೇಳಲಿಲ್ಲ?"

"ನಿನ್ನ ನೋಡಾಕ ಬಂದಾಗ ಹೇಳಬೇಕಂತ ಮಾಡಿದ್ದೆ. ಹೇಳಿದ್ರ ನೀ ಒಲ್ಲೆ ಅಂತಿದ್ದಿ. ಆಮ್ಯಾಲ ದಿನಾ ನಾಳೆ ಹೇಳೂಣು ಅಂತ..." ಎಂದು ನಿಲ್ಲಿಸಿದರು. "ಹೆದರಿಕಿ, ಶಶಿ."

ಈರಪ್ಪನ ಹೆಂಡತಿ ರುದ್ರಮ್ಮ ವರ್ಷಕ್ಕೊಮ್ಮೆ ನಮ್ಮ ಮನೆಗೆ ಬಂದು ವಾರವಿದ್ದು ಹೋಗುವವಳು. ಇವರು ಅವಳನ್ನು ಅಕ್ಕ ಎನ್ನುತ್ತಾರೆ, ಅವಳು ಇವರ ತಟ್ಟೆಗೆ ತಾನೇ ಬಡಿಸುತ್ತಾಳೆ.

"ರುದ್ರಮ್ಮಕ್ಕಗ ಗೊತ್ತೈತೇನ್ರಿ?"

"ಗೊತ್ತೈತಿ. ಅವನ್ನ ಮಣ್ಣು ಮಾಡಿ ಬಂದ ದಿನಾನ ಆಕಿ ಮುಂದ ಕುಂತು ಹೇಳೀನಿ."

"ಆಕಿ ಏನಂದ್ಲು?"

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

"ಬೈಲಿಲ್ಲ. ಅಳಲೂ ಇಲ್ಲ. 'ತಮ್ಮಾ, ಇನ್ನ ಮ್ಯಾಲ ಯಾರನ್ನೂ ಅವಸರ ಮಾಡಿ ಲಗೂನ ಕಳಸಬ್ಯಾಡ' ಅಂದ್ಲು. ಅಷ್ಟ."

ಇಷ್ಟು ವರ್ಷ ನಾನು ಜಗಳವಾಡಿದ್ದು, ನಾಚಿಕೆಪಟ್ಟದ್ದು, ಹಂಗಿಸಿದ್ದು ಆ ಹೆಣ್ಣುಮಗಳ ಒಂದು ಮಾತನ್ನು ಅವರು ಉಳಿಸಿಕೊಂಡದ್ದಕ್ಕೆ ಎಂದು ಆಗ ತಿಳಿಯಿತು. ಅವರ ಕೈ ಹಿಡಿದುಕೊಂಡು ಅತ್ತೆ. ಅವರೂ ಅತ್ತರು.