ಬಿಚ್ಚಿಬಿಟ್ಟ ಗಂಟು

ಮೊಮ್ಮಗಳು ಚೈತ್ರಾಳ ಕಾಲೇಜಿನ ಕಬಡ್ಡಿ ನೋಡೋಕೆ ಹನೂರಿಗೆ ಹೋಗಿದ್ದೆ. ನೋಡಿದ್ದಕ್ಕಿಂತ ಕಣ್ಣು ಮುಚ್ಚಿಕೊಂಡಿದ್ದೇ ಹೆಚ್ಚು. ಅವಳ ಮಂಡಿ ಒಮ್ಮೆ ಮುರಿದು ಕೂಡಿದ್ದು. ಇನ್ನೊಂದು ಸಲ ಪೆಟ್ಟಾದರೆ ನಡೆಯೋದೇ ಕಷ್ಟ ಅಂದಿದ್ದರು ಡಾಕ್ಟರು.

ಅವಳ ತಂಡ ಒಂದು ಪಾಯಿಂಟು ಹಿಂದಿದ್ದಾಗ ಕೊನೇ ರೈಡಿಗೆ ಅವಳೇ ಹೊರಟಳು. "ಮಾದಪ್ಪಾ, ನೆಟ್ಟಗೆ ವಾಪಸ್ ಕಳಿಸಪ್ಪಾ, ನಡ್ಕೊಂಡೇ ಬೆಟ್ಟ ಅತ್ತೀನಿ" ಅಂತ ಸೆರಗಿಗೆ ಹರಕೆಯ ಗಂಟು ಹಾಕಿದೆ. ಇಬ್ಬರನ್ನು ಮುಟ್ಟಿ ಓಡಿಬಂದಳು! ಬೆಟ್ಟದಲ್ಲಿ ಬಿಚ್ಚಬೇಕಾದ ಗಂಟನ್ನು ಖುಷಿಗೆ ಅಲ್ಲೇ ಬಿಚ್ಚಿಬಿಟ್ಟೆ.

ಅಷ್ಟರಲ್ಲಿ ಅಂಪೈರು ಆ ರೈಡು ಲೆಕ್ಕಕ್ಕಿಲ್ಲ ಅಂತ ಕೈಯಾಡಿಸಿದ. ಅವಳು ಗೆರೆ ದಾಟೋ ಮುಂಚೆಯೇ ಎದುರು ತಂಡದವರು ಟೈಮ್‌ಔಟ್ ಕೇಳಿದ್ದರಂತೆ. ಗಲಾಟೆಯಲ್ಲಿ ಶಿಳ್ಳೆ ಯಾರಿಗೂ ಕೇಳಿಸಿರಲಿಲ್ಲ. ಮತ್ತೆ ಹೋಗಬೇಕಂತೆ.

ನಾನು ಅವನ ಹತ್ತಿರಕ್ಕೇ ನುಗ್ಗಿದೆ. "ಸಾ, ಓಗಿ ಬಂದಾಯ್ತಲ್ಲ! ಇದ್ಯಾವ ನ್ಯಾಯ?"

"ರೈಡ್ ನಡೀತಿದ್ರೂ ಟೈಮ್‌ಔಟ್ ಕೇಳ್ಬೋದು, ಈ ವರ್ಷದಿಂದ ಹೊಸಾ ರೂಲ್ಸು ಕಣಜ್ಜಿ."

"ನಾನು ಅರಕೆ ಗಂಟು ಬಿಚ್ಬುಟ್ಟೆ ಕಣಪ್ಪಾ!"

"ಇನ್ನೂ ಅರ್ಧ ನಿಮಿಷ ಐತೆ, ಕಟ್ಕೋ ಓಗಜ್ಜಿ."

ಅವಸರಕ್ಕೆ ಸೆರಗಿನ ತುದಿಯೇ ಸಿಗಲಿಲ್ಲ. ಹೇಗೋ ಗಂಟು ಬಿಗಿದು ಕಣ್ಣು ಮುಚ್ಚಿದೆ. ಶಿಳ್ಳೆ ಕೇಳಿ ಕಣ್ಣು ಬಿಟ್ಟರೆ, ಯಾರನ್ನೂ ಮುಟ್ಟಲಾಗದೆ, ಪಂದ್ಯ ಸೋತು, ಎರಡೂ ಕಾಲಲ್ಲಿ ನೆಟ್ಟಗೆ ನಡೆದು ಬರುತ್ತಿದ್ದಳು. ಅವಳ ತಂಡವೆಲ್ಲಾ ಅಳುತ್ತಿತ್ತು. ನಗುತ್ತಿದ್ದವಳು ನಾನೊಬ್ಬಳೇ.

ಮಾದಪ್ಪನ ರೂಲ್ಸು ಮಾತ್ರ ಬದಲಾಗಿಲ್ಲ. ಎರಡು ಸಲ ಗಂಟು ಹಾಕಿದವಳು ಎರಡು ಸಲ ಬೆಟ್ಟ ಹತ್ತಬೇಕು. ಈಗ ಮಂಡಿ ನೋವು ನನಗೆ.